ಚೆನ್ನಾಗಿ ಉಂಡರೂ ಸೊರಗುತ್ತಿರುವ ತಾಯಿ: ಥೈರಾಯ್ಡ್ ಇರಬಹುದೇ?

ಪ್ರಶ್ನೆ (ಮದ್ದೂರಿನಿಂದ): ನಮಸ್ಕಾರ ಡಾಕ್ಟರೇ. ನಮ್ಮ ತಾಯಿಯವರಿಗೆ 56 ವರ್ಷ. ಎರಡು ಹೊತ್ತೂ ಮುದ್ದೆ ಉಣ್ಣುತ್ತಾರೆ, ಆದರೂ ಕೆಲವು ತಿಂಗಳುಗಳಿಂದ ಸೊರಗುತ್ತಿದ್ದಾರೆ. ಕೈಬಳೆಗಳು ಸಡಿಲವಾಗಿವೆ, ಮಾಗಿಯ ಚಳಿಯಲ್ಲೂ ಫ್ಯಾನ್ ಬೇಕೆನ್ನುತ್ತಾರೆ, ಎದೆ ಡವಗುಟ್ಟುತ್ತದೆಂದು ರಾತ್ರಿ ಎದ್ದು ಕೂರುತ್ತಾರೆ. ಸಕ್ಕರೆ ಕಾಯಿಲೆಯಿಲ್ಲವೆಂದು ವರದಿ ಬಂದಿದೆ. ಮುಟ್ಟು ನಿಂತವರಿಗೆ ಇದೆಲ್ಲ ಸಹಜವೆನ್ನುತ್ತಾರೆ ಅತ್ತೆ. ಥೈರಾಯ್ಡ್ ಇದ್ದವರು ದಪ್ಪಗಾಗುತ್ತಾರಲ್ಲವೇ?

ಉತ್ತರ: ದಪ್ಪಗಾಗುವುದು ಗ್ರಂಥಿ ಮಂದವಾದಾಗ. ಅದೇ ಗ್ರಂಥಿ ಅತಿಯಾಗಿ ಹಾರ್ಮೋನು ಸುರಿಸಿದರೆ ಮೈಯ ಕೆಲಸಗಳೆಲ್ಲ ವೇಗ ಪಡೆದು, ಉಂಡದ್ದು ಮೈಗೆ ಹತ್ತದೆ ತೂಕ ಇಳಿಯುತ್ತದೆ. ಸೆಕೆ, ಬೆವರು, ಪದೇ ಪದೇ ಮಲವಿಸರ್ಜನೆ, ನಿದ್ರೆಗೇಡು, ಸಿಡುಕು ಇವೆಲ್ಲ ಜೊತೆಗೂಡುತ್ತವೆ. ಮುಟ್ಟು ನಿಲ್ಲುವ ಕಾಲದಲ್ಲೂ ಸೆಕೆ, ಬೆವರು, ಎದೆಬಡಿತ ಕಾಣುವುದರಿಂದ ನಿಮ್ಮ ಅತ್ತೆಯವರ ಮಾತು ಆಧಾರವಿಲ್ಲದ್ದೇನಲ್ಲ, ಆದರೆ ಚೆನ್ನಾಗಿ ಉಂಡೂ ತೂಕ ಇಳಿಯುವುದಕ್ಕೆ ಅದು ಕಾರಣವಾಗದು.

ತಾಯಿಯವರ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಬೆರಳುಗಳನ್ನು ಅಗಲಿಸಿ, ಮೇಲೊಂದು ತೆಳು ಹಾಳೆಯಿಟ್ಟು ನೋಡಿ. ಬರಿಗಣ್ಣಿಗೆ ಕಾಣದ ಸಣ್ಣ ನಡುಕವೂ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಸುಮ್ಮನೆ ಕುಳಿತಿದ್ದಾಗ ಒಂದು ನಿಮಿಷ ಪೂರ್ತಿ ನಾಡಿ ಎಣಿಸಿ. 100ಕ್ಕಿಂತ ಹೆಚ್ಚಿದ್ದರೆ ಅಥವಾ ತಾಳ ತಪ್ಪುತ್ತಿದ್ದರೆ ಇಸಿಜಿ ತಡಮಾಡಬೇಡಿ, ಏಕೆಂದರೆ ವಯಸ್ಸಾದವರಲ್ಲಿ ಮಿಕ್ಕ ಲಕ್ಷಣಗಳೆಲ್ಲ ಅಡಗಿದ್ದು ತಾಳ ತಪ್ಪಿದ ಎದೆಬಡಿತವೊಂದೇ ರೋಗದ ಸುಳಿವಾಗುವುದುಂಟು. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು), ಆ ಗ್ರಂಥಿಯೇ ಸುರಿಸುವ ಹಾರ್ಮೋನುಗಳಾದ ಫ್ರೀ ಟಿ4, ಟಿ3 ಪರೀಕ್ಷಿಸಿ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ವರದಿಯನ್ನು ದಾರಿ ತಪ್ಪಿಸಬಲ್ಲದು.

ಪ್ರಶ್ನೆ (ಅವರೇ, ವರದಿ ಬಂದ ಮೇಲೆ): ಟಿಎಸ್‌ಎಚ್ 0.01 ಇದೆ, ಟಿ4 ಹೆಚ್ಚಿದೆ. ಅಯೋಡಿನ್ ಉಪ್ಪು ಬಿಡಿಸಬೇಕೇ? ಜೀವನವಿಡೀ ಮಾತ್ರೆಯೇ?

ಉತ್ತರ: ಹಾರ್ಮೋನು ಹೆಚ್ಚಾದಾಗ ಮಿದುಳಿನ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಸ್ರವಿಸುವುದನ್ನು ತಗ್ಗಿಸುವುದರಿಂದ ಅದರ ಅಂಕಿ ಇಷ್ಟು ಕೆಳಗಿದೆ. ಮನೆಯ ಅಡುಗೆಗೆ ಬಳಸುವ ಉಪ್ಪನ್ನು ಬಿಡಿಸಬೇಕಿಲ್ಲ. ಈಗ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮೆಡಿಸಿನ್ ವಿಭಾಗಕ್ಕೆ ತೋರಿಸಿ ಕಾರಣ ತಿಳಿಯಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಕೆರಳಿಸುವ ಗ್ರೇವ್ಸ್ ಕಾಯಿಲೆ ಎಲ್ಲಕ್ಕಿಂತ ಸಾಮಾನ್ಯ. ಕಣ್ಣು ಮುಂದಕ್ಕೆ ಬಂದಂತಿದ್ದರೆ ಅದರ ಶಂಕೆ ಬಲವಾಗುತ್ತದೆ. ಗ್ರಂಥಿಯಲ್ಲಿನ ಗಂಟುಗಳೂ ಕಾರಣವಾಗಬಹುದು. ಗ್ರಂಥಿಯ ಉರಿಯೂತವಾದರೆ ಹಾರ್ಮೋನಿನ ಈ ಏರಿಕೆ ತಾನಾಗಿಯೇ ಇಳಿಯುವುದರಿಂದ, ಗ್ರಂಥಿ ಹಾರ್ಮೋನು ತಯಾರಿಸುವುದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬೇಕಾಗದು. ಗ್ರೇವ್ಸ್ ಆಗಿದ್ದರೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಆ ಮಾತ್ರೆ ಕೊಟ್ಟು ನೋಡುತ್ತಾರೆ; ಮರುಕಳಿಸಿದರೆ ವಿಕಿರಣ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆ ಇದೆ.

ಕಾರ್ಬಿಮಜೋಲ್ ನುಂಗುವಾಗ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿದಿರುವ ಸಾಧ್ಯತೆ ಅಪರೂಪವಾದರೂ ಇದೆ. ಮಾತ್ರೆ ನಿಲ್ಲಿಸಿ ಅಂದೇ ರಕ್ತಕಣಗಳ ಎಣಿಕೆ ಮಾಡಿಸಿ.