ಒಬ್ಬನೇ ಇದ್ದುಕೊಂಡು ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳಲು ಆಗುತ್ತದಾ? ಅನುಭವ ಇದ್ದವರು ಹೇಳಿ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಮಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಅಜ್ಜನ ಕಾಲದ ಹಂಚಿನ ಮನೆ, ಸ್ವಲ್ಪ ಅಡಿಕೆ ತೋಟ, ನೀರಿಗೆ ಗುಡ್ಡದೊಳಗೆ ಕೊರೆದ ಸುರಂಗ ಇದೆ. ಮದುವೆ ಆಗಿಲ್ಲ, ಆಗುವ ಯೋಚನೆಯೂ ಇಲ್ಲ. ಸರಳವಾಗಿ ಬದುಕಿಕೊಂಡು, ಗಾಡಿ ಬಡಿದ ನಾಯಿ, ಬೆಕ್ಕು, ಯಾರಿಗೂ ಬೇಡವಾದ ದನಗಳನ್ನು ನೋಡಿಕೊಂಡಿರಬೇಕು ಅಂತ ಆಸೆ. ಮೊದಲು ಏನು ಕಲಿಯಬೇಕು?

ಮುಳ್ಳೇರಿಯದಿಂದ:
ಆಗುತ್ತದೆ ಅಣ್ಣ. ನಾನೂ ಹೀಗೇ ಇರುವವಳು, ಬಹಳ ವರ್ಷದಿಂದ. ಒಬ್ಬರೇ ಬದುಕಬಹುದು, ಆದರೆ ಈ ಕೆಲಸವನ್ನು ಪೂರ್ತಿ ಒಬ್ಬರೇ ಮಾಡುತ್ತೇನೆ ಅಂತ ಹೊರಡಬೇಡಿ. ನೀವು ಜ್ವರ ಬಂದು ಮಲಗಿದ ದಿನ ಅವಕ್ಕೆ ಅನ್ನ ಬೇಯಿಸಿ ಹಾಕಲು ಯಾರಾದರೂ ಬೇಕು ಅಲ್ವಾ? ಅವರನ್ನು ಮೊದಲು ಹುಡುಕಿ, ಆಮೇಲೆ ನಾಯಿ ತನ್ನಿ. ನನಗೆ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅಕ್ಕ ಇದ್ದಾರೆ. ನನ್ನ ಮನೆಯ ಒಂದು ಬೀಗದ ಕೈ ಯಾವಾಗಲೂ ಅವರ ಹತ್ತಿರ ಇರುತ್ತದೆ.

ಎರಡನೆಯದು, ನಿಮಗೇ ಇಂಜೆಕ್ಷನ್. ಕಚ್ಚಿಸಿಕೊಂಡ ಮೇಲೆ ಓಡುವುದಲ್ಲ, ಕಚ್ಚುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. 0, 7, ಮತ್ತೆ 21 ಅಥವಾ 28ನೇ ದಿನ. ಅದಾದ ಮೇಲೆಯೂ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಆಗ ಎರಡು ಇಂಜೆಕ್ಷನ್‌ನಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಹಟ್ಟಿ ತೊಳೆಯಬೇಡಿ, ಗಮ್‌ಬೂಟ್ ಹಾಕಿ. ಇಲಿ ಜ್ವರ ಕಾಲಿನ ಸಣ್ಣ ಬಿರುಕಿನಿಂದಲೂ ಬರುತ್ತದೆ.

ಇನ್ನು ಗಾಯ. ಮಳೆ ಶುರುವಾದ ಮೇಲೆ ನಿಮ್ಮ ಕೈಗೆ ಜಾಸ್ತಿ ಬರುವುದು ಹುಳ ಆದ ನಾಯಿಗಳು. ನೆತ್ತಿ, ಕಿವಿಯ ಬುಡ, ಕುತ್ತಿಗೆ, ಅದರ ನಾಲಿಗೆ ಎಟುಕದ ಜಾಗದಲ್ಲೇ ಆಗುವುದು. ಹೊರಗೆ ಕಾಣುವುದು ಒಂದು ಸಣ್ಣ ತೂತು ಅಷ್ಟೆ, ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಅಕ್ಕಿಕಾಳಿನ ಹಾಗೆ ಬಿಳಿ ತುದಿಗಳು ಮೇಲೆ ಕೆಳಗೆ ಆಡುತ್ತಿರುತ್ತವೆ, ವಾಸನೆಯೂ ತಡೆಯಲಾಗುವುದಿಲ್ಲ. ಬಾಯಿಗೆ ಬಟ್ಟೆ ಪಟ್ಟಿ ಕಟ್ಟಿ, ಸುತ್ತಲಿನ ಕೂದಲು ಕತ್ತರಿಸಿ. ಟರ್ಪೆಂಟೈನ್ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯನ್ನು ತೂತಿನ ಬಾಯಿಗೆ ಸ್ವಲ್ಪ ಹೊತ್ತು ಹಿಡಿದರೆ ಅವು ಮೇಲೆ ಬರುತ್ತವೆ, ಚಿಮುಟದಲ್ಲಿ ಒಂದೊಂದೇ ತೆಗೆಯಬೇಕು. ಟರ್ಪೆಂಟೈನನ್ನು ಗಾಯಕ್ಕೆ ಸುರಿಯಬೇಡಿ, ಮಾಂಸ ಸುಡುತ್ತದೆ. ಬೆಕ್ಕಿಗಂತೂ ಅದು ಬೇಡವೇ ಬೇಡ. ಸಲೈನ್‌ನಲ್ಲಿ ತೊಳೆದು, ಮರುದಿನ ಮತ್ತೆ ನೋಡಿ, ಆಳದಲ್ಲಿ ಉಳಿದಿರುತ್ತವೆ. ಗಾಯ ದೊಡ್ಡದಿದ್ದರೆ ಡಾಕ್ಟರ ಹತ್ತಿರವೇ ಹೋಗಿ.

ಮಾತ್ರೆ ವಿಷಯದಲ್ಲಿ ಒಂದು ಮಾತು. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಕೊಟ್ಟರೆ ಅದು ಸಾಯುತ್ತದೆ. ಪಾಪ, ನೋವು ನೋಡಲಾಗದೆ ಕೊಡುವವರು ಇದ್ದಾರೆ.

ಕುಂಬಳೆಯಿಂದ:
ಅಕ್ಕ ಹೇಳಿದ್ದೆಲ್ಲ ಸರಿ. ನಾನು ಇನ್ನೊಂದು ಸೇರಿಸುತ್ತೇನೆ. ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಆದ ಮೇಲೆ ನಮ್ಮ ಕಡೆ ಗಾಡಿ ಬಡಿದ ನಾಯಿಗಳು ತುಂಬಾ ಸಿಗುತ್ತವೆ. ರಸ್ತೆ ಮಧ್ಯೆ ಸಿಕ್ಕಿಹಾಕಿಕೊಂಡರೆ ಅವಕ್ಕೆ ಆಚೆ ಈಚೆ ಹೋಗಲು ದಾರಿ ಗೊತ್ತಾಗುವುದಿಲ್ಲ. ಬಡಿದದ್ದನ್ನು ತೋಳಲ್ಲಿ ಎತ್ತಬೇಡಿ, ಬೆನ್ನು ಮುರಿದಿದ್ದರೆ ಇನ್ನೂ ಹಾಳಾಗುತ್ತದೆ. ಗೋಣಿ ಅಥವಾ ಹಲಗೆ ಮೇಲೆ ಮೆಲ್ಲಗೆ ಜಾರಿಸಿ. ಕಾಲು ಮಾತ್ರ ಮುರಿದಿದ್ದರೆ ಅಡಿಕೆ ಹಾಳೆಯನ್ನು ಉದ್ದಕ್ಕೆ ಕತ್ತರಿಸಿ, ಒಳಗೆ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಆಸ್ಪತ್ರೆ ಮುಟ್ಟುವವರೆಗೆ ಅಷ್ಟು ಸಾಕು.

ಸೊಂಟದ ಕೆಳಗೆ ಬಲ ಹೋದ ನಾಯಿ ಇದ್ದರೆ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು, ಮಗ್ಗುಲು ಬದಲಿಸಬೇಕು. ಡಾಕ್ಟರ ಹತ್ತಿರ ಕಲಿತು ಮಾಡಿ. ಅಂಥದ್ದು ಒಂದು ಇದ್ದರೆ ನೀವು ಒಂದು ದಿನವೂ ಮದುವೆ ಮನೆಗೆ ಹೋಗುವ ಹಾಗಿಲ್ಲ. ಅದಕ್ಕೇ ನಾನು ಹೇಳುವುದು, ಎಷ್ಟು ಪ್ರಾಣಿ ಅಂತ ಮೊದಲೇ ಗಟ್ಟಿ ಮಾಡಿ, ಅದಕ್ಕಿಂತ ಜಾಸ್ತಿ ಬಂದರೆ ಇಲ್ಲ ಅನ್ನಿ. ಇಲ್ಲದಿದ್ದರೆ ಜನ ರಾತ್ರಿ ಬಂದು ನಿಮ್ಮ ಗೇಟಿನ ಹತ್ತಿರ ಮರಿ ಬಿಟ್ಟು ಹೋಗುತ್ತಾರೆ. ಹೊಸ ಮರಿಗಳನ್ನು ಬೇರೆಯೇ ಇಡಿ, ನಾಯಿಮರಿಗಳಿಗೆ ವಾಂತಿ, ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಪೆರ್ಲದಿಂದ (ಕೇಳಿದವನೇ):
ತುಂಬಾ ಉಪಕಾರ ಆಯ್ತು. ಒಂದು ಸಂಶಯ. ನಮ್ಮ ಮನೆಗೆ ಮೀನು, ಮಾಂಸ ತರುವ ಕ್ರಮ ಇಲ್ಲ. ಅನ್ನ, ಹಾಲಿನಲ್ಲಿ ಆಗುತ್ತದಾ?

ಮುಳ್ಳೇರಿಯದಿಂದ:
ನಮ್ಮಲ್ಲೂ ಇಲ್ಲ ಅಣ್ಣ. ಹಟ್ಟಿಯ ಹಿಂದೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದೇನೆ. ನಾಯಿ ಅನ್ನ, ಮೊಟ್ಟೆಯಲ್ಲಿ ಹೇಗೋ ನಡೆದೀತು. ಬೆಕ್ಕು ಹಾಗಲ್ಲ, ಅದಕ್ಕೆ ಟಾರಿನ್ ಅನ್ನುವ ಸತ್ವ ಮೀನು, ಮಾಂಸದಿಂದಲೇ ಬರಬೇಕು. ಅದು ಸಿಗದಿದ್ದರೆ ಕಣ್ಣು ಮತ್ತು ಹೃದಯ ಎರಡೂ ಕೆಡುತ್ತವೆ. ಮನಸ್ಸು ಒಪ್ಪದಿದ್ದರೆ ಬೆಕ್ಕು ತರಬೇಡಿ, ಅದರಲ್ಲಿ ತಪ್ಪೇನಿಲ್ಲ.

ಅಡೂರಿನಿಂದ:
ಕಾಡುಪ್ರಾಣಿ ಬಗ್ಗೆ ಯಾರೂ ಹೇಳಲಿಲ್ಲ. ನವಿಲು, ಗಿಳಿ, ಚಿಪ್ಪುಹಂದಿ, ಹೆಬ್ಬಾವು, ಯಾವುದನ್ನೂ ಮನೆಯಲ್ಲಿ ಇಟ್ಟು ಸಾಕುವ ಹಾಗಿಲ್ಲ. 1972ರ ಕಾನೂನು ಇದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಲೆಗೆ ಹಾವು ಸಿಕ್ಕಿದ್ದರೆ ಇಲಾಖೆಯ ಸರ್ಪ ಆ್ಯಪ್ ಇದೆ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ, 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಾವಲಿಗಳಲ್ಲಿರುವ ನಿಫಾ ವೈರಸ್ ಬಂದದ್ದು ನೆನಪಿರಲಿ.

ಬದಿಯಡ್ಕದಿಂದ:
ದನದ ವಿಷಯ ನಾನು ಹೇಳುತ್ತೇನೆ ಮಾರಾಯ್ರೇ. ಬಿದ್ದ ದನವನ್ನು ಎದೆಯ ಮೇಲೆ ಕೂರುವ ಹಾಗೆ ಬೈಹುಲ್ಲಿನ ಕಟ್ಟು ಒತ್ತಾಗಿ ಇಡಬೇಕು. ಮಗ್ಗುಲಿಗೆ ಚಪ್ಪಟೆ ಬಿದ್ದೇ ಇದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅಡಿಯಾದ ಕಾಲಿನ ಮಾಂಸ ಸತ್ತುಹೋಗುತ್ತದೆ, ಆಮೇಲೆ ಅದು ಏಳುವುದೇ ಇಲ್ಲ. ಜೆರ್ಸಿ ದನವನ್ನು ಒಬ್ಬರಿಂದ ಹೊರಳಿಸಲು ಸಾಧ್ಯ ಇಲ್ಲ. ನಮ್ಮ ಕಾಸರಗೋಡು ಗಿಡ್ಡ ಸಣ್ಣದು, ಕಮ್ಮಿ ಮೇವು, ಇಬ್ಬರಿದ್ದರೆ ಸಾಕು. ಬೇಳದಲ್ಲಿ ಈ ತಳಿಗೆಂದೇ ಸರ್ಕಾರಿ ಫಾರಂ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ.

ದನದ ಡಾಕ್ಟರು ಬೇಕಾದರೆ 1962 ನಂಬರಿಗೆ ಫೋನ್ ಮಾಡಬಹುದು. ಬರುವ ಡಾಕ್ಟರು ಹೆಚ್ಚಾಗಿ ತೆಂಕಣ ಜಿಲ್ಲೆಯವರು, ಕನ್ನಡ ಬರುವುದಿಲ್ಲ. ಮೇವು ತಿನ್ನದೆ ಎಷ್ಟು ದಿನ, ಸಗಣಿ ಹೇಗಿದೆ, ಜ್ವರ ಉಂಟಾ, ಇಷ್ಟನ್ನು ಮಲಯಾಳದಲ್ಲಿ ಹೇಳಲು ಕಲಿತುಕೊಳ್ಳಿ. ಇನ್ನು, ಕೆಲವನ್ನು ಉಳಿಸಲು ಆಗುವುದಿಲ್ಲ. ನೋವಿಲ್ಲದೆ ಮಲಗಿಸೋಣ ಅಂತ ಡಾಕ್ಟರು ಹೇಳಿದರೆ ಅದರ ತಲೆ ಹಿಡಿದುಕೊಂಡು ಹತ್ತಿರವೇ ಕುಳಿತಿರಿ. ಆ ರಾತ್ರಿ ಒಬ್ಬರೇ ಇರಬೇಡಿ, ಯಾರಿಗಾದರೂ ಫೋನ್ ಮಾಡಿ. ಪೆರ್ಲ ನನಗೆ ದೂರ ಅಲ್ಲ, ದನ ಹೊರಳಿಸುವ ದಿನ ಕರೆಯಿರಿ, ಬರುತ್ತೇನೆ.