ಮ್ಯುಟೇಶನ್‌ಗೆ 'ರೂಪಾಂತರ' ಬೇಡ, 'ಪಾಠಾಂತರ' ಆದೀತೇ?

ಗೆಳೆಯರೇ, ನಮಸ್ಕಾರ.

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸಂಘದ ಸಂಚಿಕೆಗೆ ಬಾಂಬೆ ರಕ್ತದ ಗುಂಪಿನ ಬಗ್ಗೆ ಬರೆಯುತ್ತಿದ್ದೇನೆ. ಒಂದೇ ಊರಿನ ಜನರ ಜೀನುಗಳಲ್ಲಿ ಇಷ್ಟೊಂದು ಬಗೆ ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು. ಅಲ್ಲೇ ಪದ ಕೈಕೊಡುತ್ತಿದೆ.

1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಗುಂಪು ಇದು. ಸಾಮಾನ್ಯ ಪರೀಕ್ಷೆಯಲ್ಲಿ ಓ ಅಂತಲೇ ಕಾಣುತ್ತದೆ. ಆದರೆ ಈ ಗುಂಪಿನವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಓ ಗುಂಪಿನವರ ರಕ್ತಕಣದ ಮೇಲೂ ಇರುವ 'ಎಚ್' ಅನ್ನುವ ವಸ್ತು ಇವರಲ್ಲಿ ಇರುವುದಿಲ್ಲ. ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಕಾಣುವ ಕಾರಣ ಬಲು ಚಿಕ್ಕದು: ಎಚ್ ತಯಾರಿಗೆ ಬೇಕಾದ ಎಫ್‌ಯುಟಿ1 ಅನ್ನುವ ಜೀನಿನಲ್ಲಿ, ಡಿಎನ್‌ಎ ಅಕ್ಷರಗಳ ಸಾಲಿನ 725ನೇ ಜಾಗದಲ್ಲಿ ಟಿ ಇರಬೇಕಾದ ಕಡೆ ಜಿ. ಅಷ್ಟೇ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಈ ಗುಂಪು. ಸೋದರಮಾವನ ಮಗಳನ್ನು ತರುವ ಮನೆಗಳಲ್ಲಿ ಆ ಸಂಭವ ಜಾಸ್ತಿ.

ಇಂಥ ಅಕ್ಷರ ಬದಲಾವಣೆಗೆ, ಅಂದರೆ ಮ್ಯುಟೇಶನ್‌ಗೆ, 'ರೂಪಾಂತರ' ಅನ್ನಲು ನನಗೆ ಮನಸ್ಸಿಲ್ಲ. ಕೊರೊನಾ ಕಾಲದಲ್ಲಿ ಪತ್ರಿಕೆಗಳು 'ರೂಪಾಂತರಿ ವೈರಸ್' ಅಂತ ಬರೆದು ರೂಢಿ ಮಾಡಿವೆ, ನಿಜ. ಆದರೆ ಗೊದಮೊಟ್ಟೆ ಕಪ್ಪೆಯಾಗುವುದೂ ರೂಪಾಂತರ, ಕಾದಂಬರಿ ನಾಟಕವಾಗುವುದೂ ರೂಪಾಂತರ. ಇಲ್ಲಿ ಅಪ್ಪ ಅಮ್ಮ ಇದ್ದ ಹಾಗೇ ಇರುತ್ತಾರೆ. ಅಂಡಾಣುವಿನಲ್ಲೋ ವೀರ್ಯಾಣುವಿನಲ್ಲೋ ಮಗುವಿಗೆ ಹೋಗುವ ಪ್ರತಿ ಬೇರೆಯಾಗುತ್ತದೆ. 'ಮಾರ್ಪಾಡು' ಅಂದರೆ ಯಾರೋ ಬೇಕೆಂದೇ ಮಾಡಿದಂತೆ. ಪಠ್ಯಪುಸ್ತಕದ 'ಉತ್ಪರಿವರ್ತನೆ' ಮರಾಠಿಯಲ್ಲೂ ಇದೆ, ಇಲ್ಲಿನ ಮಕ್ಕಳಿಗೆ ಗೊತ್ತು. ಆದರೆ ದೊಡ್ಡವರ ಬಾಯಲ್ಲಿ ಹೊರಳುವುದಿಲ್ಲ. ಓಲೆಗರಿ ನಕಲು ಮಾಡುವಾಗ ಲಿಪಿಕಾರನ ಕೈಯಲ್ಲಿ ಹುಟ್ಟುವ 'ಪಾಠಾಂತರ' ಇದೆಯಲ್ಲ, ಅದೇ ಹತ್ತಿರ ಅನ್ನಿಸುತ್ತದೆ. ಒಳ್ಳೆಯದು, ಕೆಟ್ಟದ್ದು ಅನ್ನುವ ತೀರ್ಪೂ ಅದರಲ್ಲಿ ಇಲ್ಲ. ಏನಂತೀರಿ?

ಇನ್ನೆರಡು ಪದ ಬೇಕು. ಒಂದು, ಇಂಗ್ಲಿಷಿನ ರಿಕಾಂಬಿನೇಶನ್‌ಗೆ. ನಮ್ಮಲ್ಲಿ 23 ಜೊತೆ ವರ್ಣತಂತು, ಅಂದರೆ ಜೀನುಗಳನ್ನು ಹೊತ್ತ ಕ್ರೋಮೋಸೋಮು. ಪ್ರತಿ ಜೊತೆಯಿಂದ ಒಂದೊಂದನ್ನು ಆರಿಸಿದರೆ ಅಷ್ಟರಿಂದಲೇ 80 ಲಕ್ಷಕ್ಕೂ ಜಾಸ್ತಿ ಬಗೆಯ ಕೂಟ ಆಗುತ್ತದೆ; ಜೊತೆಯ ಎರಡು ತಂತುಗಳ ನಡುವೆ ತುಂಡುಗಳು ಅದಲುಬದಲಾಗುವುದು ಬೇರೆ. ಹೊಸ ಅಕ್ಷರ ಹುಟ್ಟುವುದಿಲ್ಲ, ಇದ್ದದ್ದೇ ಹೊಸದಾಗಿ ಸೇರುತ್ತದೆ. 'ಕಲಬೆರಕೆ' ಅಂದರೆ ಹಾಲಿಗೆ ನೀರು ನೆನಪಾಗುತ್ತದೆ. ಸದ್ಯಕ್ಕೆ 'ಮರುಜೋಡಣೆ' ಅಂತ ಇಟ್ಟಿದ್ದೇನೆ.

ಇನ್ನೊಂದು, ಬೇರೆ ಊರಿನವರು ಬಂದು ಇಲ್ಲಿ ಮದುವೆಯಾಗಿ ಹೊಸ ಜೀನು ಸೇರುವುದಕ್ಕೆ (ಇಂಗ್ಲಿಷಿನಲ್ಲಿ ಜೀನ್ ಫ್ಲೋ) ಏನನ್ನಬೇಕು? 'ವಂಶವಾಹಿ ಹರಿವು' ಅನುವಾದದ ವಾಸನೆ ಹೊಡೆಯುತ್ತದೆ. 'ಹೊರಸಂಬಂಧ' ಅಂದರಂತೂ ಓದುವವರು ಬೇರೆಯದೇ ತಿಳಿದುಕೊಳ್ಳುತ್ತಾರೆ, ಅಲ್ವಾ? ನಿಮ್ಮ ಕಡೆ ಹೊರಗಿನಿಂದ ಹೆಣ್ಣು ತರುವುದಕ್ಕೆ ಒಂದೇ ಮಾತಿದ್ದರೆ ತಿಳಿಸಿ.