ಸಹಾಯ ಬೇಕು: ಬರ ತಡೆಯುವ ಗೋಧಿಯಲ್ಲೇ ಪೆರಾಕ್ಸೈಡ್ ಜಾಸ್ತಿ ಯಾಕೆ?

ಎಲ್ಲರಿಗೂ ನಮಸ್ಕಾರ. ಎರಡು ಗೋಧಿ ತಳಿಗಳನ್ನು ಕುಂಡದಲ್ಲಿ ಬೆಳೆಸಿ, ತೆನೆ ಬರುವ ಮುಂಚೆ 10 ದಿನ ನೀರು ನಿಲ್ಲಿಸಿದ್ದೆ. ಒಂದು ಬರ ತಡೆಯುವಂಥದ್ದು, ಇನ್ನೊಂದು ತಡೆಯದ್ದು. 6ನೇ ದಿನ ತಡೆಯದ ತಳಿಯ ಎಲೆಗಳು ಬೆಳಗ್ಗೆಯೇ ಸುರುಳಿ ಸುತ್ತಿ ತುದಿ ಹಳದಿಯಾಗಿತ್ತು, ಮತ್ತೊಂದು ಮಧ್ಯಾಹ್ನ ಸುರುಳಿಯಾದರೂ ಸಂಜೆಗೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

ನಾನು ಓದಿಕೊಂಡಿರುವುದು ಇಷ್ಟು. ನೀರು ಕಡಿಮೆಯಾದರೆ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನ್ ಏರಿ ಪತ್ರರಂಧ್ರ (ಎಲೆ ಉಸಿರಾಡುವ ಸಣ್ಣ ತೂತು) ಮುಚ್ಚುತ್ತದೆ. ಆಗ ಇಂಗಾಲದ ಡೈ ಆಕ್ಸೈಡ್ ಸಾಕಷ್ಟು ಒಳಗೆ ಬರುವುದಿಲ್ಲ, ಬಳಕೆಯಾಗದ ಬೆಳಕಿನ ಶಕ್ತಿಯಿಂದ, ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪವಾದ ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್) ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ (ಜಾಸ್ತಿಯಾದರೆ ಇದೂ ಹಾನಿಕರ), ಆಮೇಲೆ ಕ್ಯಾಟಲೇಸ್, ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಅದನ್ನು ನೀರಾಗಿಸುತ್ತವೆ. ಇಲ್ಲಿವರೆಗೆ ಅರ್ಥವಾಗಿದೆ.

ಆದರೆ 3ನೇ ದಿನ ಬರ ತಡೆಯುವ ತಳಿಯಲ್ಲೇ ಪೆರಾಕ್ಸೈಡ್ ಜಾಸ್ತಿ ಬಂತು! 8ನೇ ದಿನಕ್ಕೆ ಇಳಿಯಿತು. ಇನ್ನೊಂದರಲ್ಲಿ ಅದು ನಿಧಾನಕ್ಕೆ ಶುರುವಾಗಿ ಏರುತ್ತಲೇ ಹೋಯಿತು. ನನ್ನದೇ ತಪ್ಪಿರಬೇಕು ಅಂತ ಹೊಸ ಎಲೆ ತಂದು, ಐಸ್ ಮೇಲಿಟ್ಟು ಅರೆದು, ಮೂರು ಸಲ ಅಳೆದೆ. ಬದಲಾಗಲಿಲ್ಲ. ಅದೇ 3ನೇ ದಿನ ಕೋಶದ ಪೊರೆ ಹಾಳಾಗಿದೆಯಾ ಅಂತ ನೋಡಲು ಅಳೆಯುವ ಎಂಡಿಎ (ಮಲೋನ್‌ಡೈಆಲ್ಡಿಹೈಡ್, ಪೊರೆಯ ಕೊಬ್ಬು ಹಾಳಾದಾಗ ಹುಟ್ಟುವ ವಸ್ತು) ಮಾತ್ರ ಎರಡರಲ್ಲೂ ಕಡಿಮೆಯೇ ಇತ್ತು.

ಪತ್ರರಂಧ್ರ ಮುಚ್ಚಿಸಲು ಅಬ್ಸಿಸಿಕ್ ಆಮ್ಲ ಕಾವಲು ಕೋಶಗಳಲ್ಲಿ (ರಂಧ್ರದ ಎರಡೂ ಬದಿ ಇದ್ದು ಅದನ್ನು ತೆರೆದು ಮುಚ್ಚುವ ಕೋಶಗಳು) ಪೆರಾಕ್ಸೈಡನ್ನೇ ಸಂಕೇತವಾಗಿ ಬಳಸುತ್ತದೆ ಅಲ್ವಾ? ಆದರೆ ನಾನು ಅರೆದದ್ದು ಇಡೀ ಎಲೆ, ಕಾವಲು ಕೋಶ ಅದರಲ್ಲಿ ಎಷ್ಟಿರುತ್ತದೆ ಹೇಳಿ. ಸುಮ್ನೆ ಸಂಕೇತ ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ: 3ನೇ ದಿನದ ಈ ಏರಿಕೆ ಸಂಕೇತವೋ, ಹಾನಿಯ ಶುರುವೋ ಅಂತ ಖಚಿತಪಡಿಸಲು ಇನ್ನೇನು ಅಳೆಯಬೇಕು? ಅದೇ ದಿನದ ಅಬ್ಸಿಸಿಕ್ ಆಮ್ಲ ಮತ್ತು ಪತ್ರರಂಧ್ರದ ತೆರೆದಿರುವಿಕೆ ಅಳೆದರೆ ಸಾಕಾ?